ಚಿಕ್ಕ ಮೈಕಟ್ಟಿನ ಮಹಿಳೆಗೆ ಒಗ್ಗುವ ಪಿಸ್ತೂಲು: ಅಮೆರಿಕದಲ್ಲಿ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಐದಡಿ ಎತ್ತರದ, ಸಣ್ಣ ಕೈಗಳ ಮಹಿಳೆಯೊಬ್ಬರು ಅಮೆರಿಕದ ಬಂದೂಕಿನ ಅಂಗಡಿಗೆ ಹೋಗಿ, ಬಟ್ಟೆಯ ಮರೆಯಲ್ಲಿ ಇಟ್ಟುಕೊಳ್ಳಲು ಪಿಸ್ತೂಲೊಂದು ಬೇಕೆಂದು ಕೇಳಿದರೆ, ಗಾಜಿನ ಪೆಟ್ಟಿಗೆಯಿಂದ ಮೊದಲು ಹೊರಬರುವುದು ಸಾಮಾನ್ಯವಾಗಿ ಅಲ್ಲಿರುವುದರಲ್ಲೇ ಅತಿ ಚಿಕ್ಕದು, ಅತಿ ಹಗುರವಾದದ್ದು. ಚಿಕ್ಕವರಿಗೆ ಚಿಕ್ಕದು ಎಂಬ ಈ ಲೆಕ್ಕ ಕೇಳಲು ಸರಿಯೆನಿಸಿದರೂ ಗುಂಡು ಹಾರಿಸುವ ಹೊತ್ತಿಗೆ ತಲೆಕೆಳಗಾಗುತ್ತದೆ. ದಿನವಿಡೀ ಮೈಮೇಲೆ ಇಟ್ಟುಕೊಂಡಾಗಿನ ಹಿತ ಒಂದು, ಹಾರಿಸುವಾಗ ಕೈಗೆ ಸಿಗುವ ಹಿತ ಇನ್ನೊಂದು. ಮೊದಲನೆಯದನ್ನು ಹೋಲ್‌ಸ್ಟರ್ (ಪಿಸ್ತೂಲಿನ ಒರೆ), ಬೆಲ್ಟು, ಬಟ್ಟೆಗಳು ಬಹುಮಟ್ಟಿಗೆ ಒದಗಿಸಬಲ್ಲವು. ಎರಡನೆಯದು ಪಿಸ್ತೂಲಿನ ತೂಕದಿಂದ, ಹಿಡಿಯ ಅಳತೆಯಿಂದ ಮಾತ್ರ ಬರಬೇಕು. ಆದ್ದರಿಂದ ಮೊದಲು ಕೈಗೆ ಒಗ್ಗುವ ಪಿಸ್ತೂಲನ್ನು ಆರಿಸಿ, ಆಮೇಲೆ ಅದನ್ನು ಮೈಗೆ ಒಗ್ಗಿಸಿಕೊಳ್ಳುವುದೇ ಸರಿಯಾದ ಕ್ರಮ.

ಅದಕ್ಕೂ ಮುಂಚೆ ಕಾನೂನಿನ ಮಾತು ಮುಗಿಯಬೇಕು, ಏಕೆಂದರೆ ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1 ಮುಂತಾದ ತಾತ್ಕಾಲಿಕ ವೀಸಾಗಳ ಮೇಲೆ ಇರುವವರು, ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ; ಮೀರಿದರೆ ಶಿಕ್ಷೆಯ ಜೊತೆಗೆ ಆ ದೇಶದಲ್ಲಿ ಉಳಿಯುವ ಅವಕಾಶಕ್ಕೂ ಕುತ್ತು ಬರುತ್ತದೆ. ಗ್ರೀನ್ ಕಾರ್ಡ್ ಉಳ್ಳವರಿಗೂ ನಾಗರಿಕರಿಗೂ ಈ ತಡೆ ಇಲ್ಲ. ಗಂಡ ನಾಗರಿಕನಾಗಿದ್ದು ಹೆಂಡತಿ ವೀಸಾದ ಮೇಲಿದ್ದರೆ, ಗಂಡನ ಪಿಸ್ತೂಲು ಆಕೆಯ ಕೈಗೆಟುಕದಂತೆ ಬೀಗದಲ್ಲಿರುವುದು ಇಬ್ಬರಿಗೂ ಕ್ಷೇಮ. ಪರವಾನಗಿ ಪಡೆದ ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ಫಾರ್ಮ್ ಭರ್ತಿ ಮಾಡಬೇಕು, ಹಿನ್ನೆಲೆಯ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಮರೆಯಲ್ಲಿಟ್ಟು ಓಡಾಡುವ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ: ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಅರ್ಹ ವಯಸ್ಕರಿಗೆ ಪರವಾನಗಿಯ ಅಗತ್ಯವಿಲ್ಲ, ಕ್ಯಾಲಿಫೋರ್ನಿಯಾದಲ್ಲೂ ನ್ಯೂಯಾರ್ಕ್‌ನಲ್ಲೂ ಪರವಾನಗಿ ಕಡ್ಡಾಯ, ಅದಕ್ಕೆ ಕನಿಷ್ಠ 16 ಗಂಟೆಗಳ ತರಬೇತಿಯೂ ಕಡ್ಡಾಯ. ಒಂದು ರಾಜ್ಯದ ಪರವಾನಗಿಯನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಲೇಬೇಕೆಂದಿಲ್ಲ ಎಂಬುದನ್ನು ಕಾರಿನಲ್ಲಿ ಗಡಿ ದಾಟುವವರು ಮರೆಯಬಾರದು.

ಇನ್ನು ಕೈಯ ಅಳತೆ. ಅಂಗಡಿಯಲ್ಲಿ ಪಿಸ್ತೂಲು ಕೈಗೆ ಬಂದ ಕೂಡಲೇ ಗುಂಡು ತುಂಬುವ ಮ್ಯಾಗಜೀನನ್ನು ಮೊದಲು ಹೊರತೆಗೆದು, ನಂತರ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡನ್ನು ಹಿಂದಕ್ಕೆಳೆದು, ನಳಿಗೆಯ ಹಿಂಬದಿಯ ಕೋಣೆ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಮಾರುವವರು ಈಗಷ್ಟೇ ನೋಡಿದ್ದರೂ ತಾವೇ ಮತ್ತೊಮ್ಮೆ ನೋಡುವುದು ಅಲ್ಲಿನ ಶಿಷ್ಟಾಚಾರ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲನ್ನು ಹಿಡಿಯ ಹಿಂಬದಿಯಲ್ಲಿ ಆದಷ್ಟು ಮೇಲೆ ಒತ್ತಿ, ನಳಿಗೆಯೂ ಮುಂಗೈಯೂ ಒಂದೇ ಗೆರೆಯಲ್ಲಿರುವಂತೆ ಹಿಡಿಯಬೇಕು. ಆ ಗೆರೆಯನ್ನು ಕದಲಿಸದೆ ತೋರುಬೆರಳ ತುದಿಯ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ನೇರವಾಗಿ ಕುಳಿತರೆ ಆ ಪಿಸ್ತೂಲು ಕೈಗೆ ಸರಿಹೊಂದುತ್ತದೆ. ಟ್ರಿಗರ್ ಮುಟ್ಟಲು ಹಿಡಿಯನ್ನು ಪಕ್ಕಕ್ಕೆ ತಿರುಗಿಸಬೇಕಾಗಿ ಬಂದರೆ, ಹಿಂದೊದೆತವೆಲ್ಲ ಹೆಬ್ಬೆರಳಿನ ಬುಡದ ಕೀಲಿಗೆ ಬಡಿಯುತ್ತದೆ. ಅಂಥದ್ದನ್ನು ಬೇರೆ ಯಾವ ಗುಣವಿದ್ದರೂ ಅಲ್ಲಿಯೇ ಹಿಂದಿರುಗಿಸಬಹುದು. ಕೆಲವು ಮಾದರಿಗಳಲ್ಲಿ ಹಿಡಿಯ ಬೆನ್ನಿನ ಪಟ್ಟಿಯನ್ನು ಬದಲಿಸುವ ಸೌಕರ್ಯವಿರುತ್ತದೆ, ಅತಿ ತೆಳುವಾದುದನ್ನು ಹಾಕಿಸಿ ನೋಡಬೇಕು. ಸಣ್ಣ ಕೈಗಳಿಗೆ ಇಲ್ಲೊಂದು ಲಾಭವೂ ಇದೆ: ದೊಡ್ಡ ಕೈಯ ಗಂಡಸಿನ ಕಿರುಬೆರಳು ತೂಗಾಡುವ ಗಿಡ್ಡ ಹಿಡಿಯ ಮೇಲೂ ಇವರ ಮೂರು ಬೆರಳುಗಳು ಪೂರ್ತಿ ಕೂರುತ್ತವೆ. ಹಿಡಿತವನ್ನು ಬದಲಿಸದೆ ಮ್ಯಾಗಜೀನ್ ಬಿಡಿಸುವ ಗುಂಡಿ ಹೆಬ್ಬೆರಳಿಗೆ ಸಿಗುತ್ತದೆಯೇ ಎಂದೂ ಪರೀಕ್ಷಿಸಬೇಕು.

ಹಲವು ಮಹಿಳೆಯರು ಪಿಸ್ತೂಲಿನ ಆಸೆಯನ್ನೇ ಬಿಡುವುದು ಸ್ಲೈಡ್ ಎಳೆಯಲಾಗದೆ. ಇದರಲ್ಲಿ ಅರ್ಧ ಯಂತ್ರದ ದೋಷ, ಅರ್ಧ ಕಲಿಸಿದವರ ದೋಷ. ತೋಳುಗಳನ್ನು ಮುಂದಕ್ಕೆ ಚಾಚಿ, ಎರಡು ಬೆರಳುಗಳ ಚಿಮಟದಲ್ಲಿ ಸ್ಲೈಡ್ ಎಳೆದರೆ ಬಲಶಾಲಿಗಳಿಗೂ ಕಷ್ಟವೇ. ನಳಿಗೆಯ ಬಾಯನ್ನು ಸುರಕ್ಷಿತ ದಿಕ್ಕಿಗೆ ಇಟ್ಟು, ಟ್ರಿಗರಿನಿಂದ ಬೆರಳನ್ನು ಹೊರಗಿಟ್ಟು, ಪಿಸ್ತೂಲನ್ನು ಎದೆಯ ಹತ್ತಿರ ತಂದುಕೊಂಡು, ಎಡಗೈಯ ನಾಲ್ಕೂ ಬೆರಳುಗಳು ಮತ್ತು ಅಂಗೈಯಿಂದ ಸ್ಲೈಡನ್ನು ಮೇಲಿನಿಂದ ಬಿಗಿಹಿಡಿದು, ಬಲಗೈಯಿಂದ ಹಿಡಿಯನ್ನು ಜೋರಾಗಿ ಮುಂದಕ್ಕೆ ತಳ್ಳಿದರೆ, ಎಳೆಯುವ ಕೆಲಸವನ್ನು ಬೆರಳುಗಳ ಬದಲು ಭುಜ, ಬೆನ್ನುಗಳು ಮಾಡುತ್ತವೆ. ಹೀಗೆ ಮಾಡಿಯೂ ಆಗದಿದ್ದರೆ ಆಗ ಯಂತ್ರವನ್ನು ಬದಲಿಸಬೇಕು. ಹಳೆಯ ವಾಲ್ಥರ್ ಪಿಪಿಕೆಯಂಥ ಪಿಸ್ತೂಲುಗಳಲ್ಲಿ ನಳಿಗೆಗೂ ಸ್ಲೈಡಿಗೂ ಕೊಂಡಿ ಇಲ್ಲದೆ, ಸ್ಪ್ರಿಂಗಿನ ಬಲ ಮತ್ತು ಸ್ಲೈಡಿನ ತೂಕವೇ ಸಿಡಿತವನ್ನು ತಡೆಯಬೇಕಾಗಿರುವುದರಿಂದ ಸ್ಪ್ರಿಂಗು ಬಿಗಿಯಾಗಿರುತ್ತದೆ; ನೋಡಲು ನಾಜೂಕಾದರೂ ಕೈಗೆ ಅವು ಗಡುಸು. ಇದಕ್ಕೆ ವಿರುದ್ಧವಾಗಿ ಸ್ಮಿತ್ ಅಂಡ್ ವೆಸನ್ ಕಂಪನಿ 2018ರಲ್ಲಿ .380 ಎಂಬ ಅಳತೆಯ ಗುಂಡಿಗೂ 2020ರಲ್ಲಿ 9 ಎಂಎಂ ಗುಂಡಿಗೂ ತಂದ ಶೀಲ್ಡ್ ಈಝಿ ಮಾದರಿಗಳನ್ನು ಸ್ಲೈಡ್ ಸುಲಭವಾಗಿ ಜರುಗಲೆಂದೇ ರೂಪಿಸಲಾಗಿದೆ; ಅವುಗಳ ಮ್ಯಾಗಜೀನಿಗೆ ಗುಂಡು ತುಂಬುವುದೂ ಹೆಬ್ಬೆರಳಿಗೆ ಹಗುರ. ಆದರೆ ಅವುಗಳ ಹಿಡಿಯ ಹಿಂದೆ ಅಂಗೈ ಒತ್ತಿದಾಗ ಮಾತ್ರ ಬಿಡುಗಡೆಯಾಗುವ ಸುರಕ್ಷಾ ಪಟ್ಟಿಯಿದ್ದು, ಸಣ್ಣ ಅಂಗೈ ಅದನ್ನು ಪ್ರತಿ ಸಲವೂ ಪೂರ್ತಿ ಒತ್ತುತ್ತದೆಯೇ ಎಂದು ನೋಡಿಕೊಳ್ಳಬೇಕು. 2020ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಯಾರಾದ 9 ಎಂಎಂ ಈಝಿಗಳನ್ನು ಗುಂಡು ಸಿಡಿಸಲು ಬಡಿಯುವ ಭಾಗವಾದ ಹ್ಯಾಮರಿನ ತಪಾಸಣೆಗಾಗಿ ಕಂಪನಿಯೇ ಹಿಂದಕ್ಕೆ ಕರೆಸಿಕೊಂಡಿತ್ತಾದ್ದರಿಂದ, ಬಳಸಿದ್ದನ್ನು ಕೊಳ್ಳುವವರು ಸರಣಿ ಸಂಖ್ಯೆಯನ್ನು ಕಂಪನಿಯಲ್ಲಿ ವಿಚಾರಿಸಬೇಕು.

ತೂಕದ ವಿಷಯಕ್ಕೆ ಬಂದಾಗ ಹೆಚ್ಚಿನವರು ಎಡವುತ್ತಾರೆ. ಅದೇ ಗುಂಡನ್ನು ಹಗುರವಾದ ಪಿಸ್ತೂಲಿನಿಂದ ಹಾರಿಸಿದರೆ ಪಿಸ್ತೂಲು ಹೆಚ್ಚು ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಹಿಡಿ ತೆಳುವಾಗಿದ್ದರೆ ಆ ಪೆಟ್ಟು ಅಂಗೈಯ ಕಿರಿದಾದ ಜಾಗದಲ್ಲೇ ಬೀಳುತ್ತದೆ. ರೂಗರ್ ಎಲ್‌ಸಿಪಿ ಖಾಲಿಯಾಗಿ ಸುಮಾರು 270 ಗ್ರಾಂ ತೂಗುತ್ತದೆ, ಜೇಬಿನಲ್ಲಿದ್ದುದೇ ಗೊತ್ತಾಗದು, ಅದರ .380 ಗುಂಡು ಸೌಮ್ಯವೆಂದು ಹೆಸರಾದರೂ ಹತ್ತಿಪ್ಪತ್ತು ಸುತ್ತುಗಳಾಗುವಷ್ಟರಲ್ಲಿ ಕೈ ಚುರುಗುಟ್ಟುತ್ತದೆ. ಅದೇ ಗುಂಡು 500 ಗ್ರಾಂ ಮೀರಿದ ಶೀಲ್ಡ್ ಈಝಿಯಲ್ಲಿ ಬೇರೆಯದೇ ಎನಿಸುತ್ತದೆ. ಹಾರಿಸಲು ನೋವಾಗುವ ಪಿಸ್ತೂಲಿನಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ, ಅಭ್ಯಾಸವಿಲ್ಲದ ಪಿಸ್ತೂಲು ಒಯ್ಯುವವರಿಗೇ ಅಪಾಯ. ಮಹಿಳೆಯರಿಗೆ ಹಗುರವಾದದ್ದೇ ಸರಿ ಎಂಬ ತರ್ಕ ಭಾರತದಲ್ಲಿಯೂ ಕಾಣಿಸಿಕೊಂಡಿತ್ತು: ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಹೊರತಂದ ನಿರ್ಭೀಕ್ ಎಂಬ .32 ರಿವಾಲ್ವರಿಗೆ ಪ್ರಚಾರ ಸಿಕ್ಕಿದ್ದು ಅದರ 500 ಗ್ರಾಂ ತೂಕಕ್ಕೆ. ಹಾಗೆಯೇ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸಿ ಬೆಳೆದವರು ಆ ಅನುಭವವನ್ನು ಇಲ್ಲಿ ಪೂರ್ತಿ ನೆಚ್ಚಬಾರದು. ಕೋವಿಯ ಒದೆತವನ್ನು ಭುಜ ತಾಳುತ್ತದೆ, ಪಿಸ್ತೂಲಿನದನ್ನು ಮಣಿಕಟ್ಟೊಂದೇ ತಾಳಬೇಕು.

ಗುಂಡಿನ ಅಳತೆಯ ಬಗ್ಗೆ ಅಲ್ಲಿನವರು ಮುಗಿಯದ ವಾದ ಹೂಡುತ್ತಾರೆ, ಅದರಲ್ಲಿ ಹೊಸಬರು ಹೊತ್ತು ಕಳೆಯಬೇಕಾಗಿಲ್ಲ. .380 ಮತ್ತು 9 ಎಂಎಂ ಗುಂಡುಗಳ ವ್ಯಾಸ ಒಂದೇ. ಮೊದಲನೆಯದರ ಮದ್ದು ತುಂಬುವ ಕೋಶದ ಉದ್ದ 17 ಮಿಲಿಮೀಟರ್, ಎರಡನೆಯದರದ್ದು 19, ಮದ್ದೂ ಒತ್ತಡವೂ ಎರಡನೆಯದಕ್ಕೆ ಹೆಚ್ಚು. ಅರ್ಧ ಕಿಲೋ ಆಸುಪಾಸಿನ ಪಿಸ್ತೂಲಿನಲ್ಲಿ 9 ಎಂಎಂ ಅನ್ನು ಹದವಾಗಿ ಹಾರಿಸಬಲ್ಲವರು ಅದನ್ನೇ ಆರಿಸಲಿ, ಗುಂಡುಗಳೂ ಅಗ್ಗ. ಮಣಿಕಟ್ಟಿನ ನೋವು, ಸಂಧಿವಾತ ಇದ್ದವರಿಗೆ .380 ಯಾವ ಸಂಕೋಚವೂ ಇಲ್ಲದೆ ಒಪ್ಪುತ್ತದೆ.

ಹೆಂಗಸರಿಗೆ ಪುಟ್ಟ ರಿವಾಲ್ವರೇ ಸರಿ ಎಂಬ ಹಳೆಯ ನಂಬಿಕೆಯನ್ನು ಮಾತ್ರ ಒಪ್ಪಲಾಗದು. ಅದರಲ್ಲಿ ಎಳೆಯಲು ಸ್ಲೈಡ್ ಇಲ್ಲ, ಸಿಕ್ಕಿಕೊಳ್ಳುವ ತಾಪತ್ರಯ ಕಡಿಮೆ, ಇವೆರಡೂ ನಿಜ. ಆದರೆ ಸ್ಮಿತ್ ಅಂಡ್ ವೆಸನ್ 642ರಂಥ ಐದು ಗುಂಡಿನ ರಿವಾಲ್ವರ್ ಖಾಲಿಯಾಗಿ ಸುಮಾರು 410 ಗ್ರಾಂ ಮಾತ್ರ ತೂಗುವುದರಿಂದ .38 ಸ್ಪೆಶಲ್ ಗುಂಡಿನ ಒದೆತ ಅದರಲ್ಲಿ ತೀಕ್ಷ್ಣ, ಟ್ರಿಗರಂತೂ ಬಹಳ ಬಿಗಿ, ಗುರಿ ಹಿಡಿಯಲು ಇರುವ ಕಂಡಿ ಕಿರಿದು. ನುರಿತವರ ಕೈಯಲ್ಲಿ ಅದು ಒಳ್ಳೆಯ ಆಯುಧ, ಕಲಿಯುವವರಿಗೆ ಅಲ್ಲ. ಬೆರಳುಗಳಲ್ಲಿ ಬಲವಿದ್ದೂ ಸ್ಲೈಡ್ ಎಳೆಯುವುದು ಮಾತ್ರ ಸಾಧ್ಯವೇ ಇಲ್ಲ ಎಂಬಂಥವರು ರೂಗರ್ ಎಲ್‌ಸಿಆರ್ ರಿವಾಲ್ವರನ್ನು ಪರೀಕ್ಷಿಸಬಹುದು.

ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜುಗಳು, ಅಂದರೆ ಗುಂಡು ಹಾರಿಸಿ ಅಭ್ಯಾಸ ಮಾಡುವ ತಾಣಗಳು, ಅಮೆರಿಕದ ಅನೇಕ ಊರುಗಳಲ್ಲಿರುವುದರಿಂದ, ಹಾರಿಸಿ ನೋಡದೆ ಕೊಳ್ಳಲು ಕಾರಣವೇ ಇಲ್ಲ. ತೆಳುವಾದ 9 ಎಂಎಂಗಳಲ್ಲಿ ಸಿಗ್ ಪಿ365, ಅದರ ಹಿಡಿಗಿಂತ ಉದ್ದನೆಯ ಹಿಡಿಯುಳ್ಳ ಗ್ಲಾಕ್ 43ಎಕ್ಸ್, ಸೌಮ್ಯವಾದ .380ಗಳಲ್ಲಿ ಗ್ಲಾಕ್ 42 ಮತ್ತು ಶೀಲ್ಡ್ ಈಝಿ, ಈ ನಾಲ್ಕನ್ನು ಒಂದೇ ದಿನ ಅಕ್ಕಪಕ್ಕ ಇಟ್ಟು ಹಾರಿಸಿದರೆ ಕೈಯೇ ಬಹುಪಾಲು ತೀರ್ಮಾನ ಹೇಳಿಬಿಡುತ್ತದೆ. ವಾಲ್ಥರ್ ಕಂಪನಿಯ ಪಿಡಿಪಿ ಎಫ್ ಸರಣಿ ಮಹಿಳೆಯರ ಕೈಯನ್ನು ಗಮನದಲ್ಲಿಟ್ಟು ಮಾಡಿದ್ದು, ಹಾರಿಸಲು ಬಹಳ ಹಿತ. ಆದರೆ ಗಾತ್ರದಲ್ಲಿ ದೊಡ್ಡದಾದ್ದರಿಂದ ಮರೆಮಾಡುವುದಕ್ಕಿಂತ ಮನೆಯಲ್ಲಿಡುವುದಕ್ಕೆ ಹೆಚ್ಚು ಸೂಕ್ತ. ಗುರಿಗೆ ತಗುಲಿದ ಮೊದಲ ಗುಂಡನ್ನು ನೋಡಿ ಮನಸೋಲಬಾರದು. ಐದು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಿದಾಗ ಪಿಸ್ತೂಲು ತಾನಾಗಿ ಗುರಿಗೆ ಮರಳುತ್ತದೆಯೇ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದೆಯೇ ಎಂಬುದನ್ನು ತರಬೇತುದಾರರಿಂದ ಗಮನಿಸಿಕೊಳ್ಳಬೇಕು. ಒಳಾಂಗಣದ ರೇಂಜಿನಲ್ಲಿ ಕಿವಿಯೊಳಗಿನ ಬಿರಡೆಯ ಮೇಲೆ ಹೊರಗಿನ ಮಫ್ ಕೂಡ ಇರಲಿ. ಸದ್ದೂ ಸೀಸದ ಧೂಳೂ ಮಗುವಿಗೆ ಹಾನಿ ಮಾಡುವುದರಿಂದ ಗರ್ಭಿಣಿಯರು ರೇಂಜಿಗೆ ಹೋಗದಿರುವುದು ಒಳ್ಳೆಯದು. ಮತ್ತೊಂದು ಮಾತು: ಹುಟ್ಟುಹಬ್ಬಕ್ಕೆಂದು ಗಂಡ ಆರಿಸಿ ತಂದ ಪಿಸ್ತೂಲು ಬಹುಪಾಲು ಗಂಡನ ಕೈಗೇ ಒಗ್ಗುತ್ತದೆ.

ಪಿಸ್ತೂಲು ನಿರ್ಧಾರವಾದ ಮೇಲೆ ಮೈಯ ಪ್ರಶ್ನೆ. ಮರೆಮಾಡಲು ಕಷ್ಟವಾಗುವುದು ನಳಿಗೆಯ ಉದ್ದವಲ್ಲ, ಹಿಡಿಯ ಉದ್ದ. ನಳಿಗೆ ಪ್ಯಾಂಟಿನೊಳಗೆ ಇಳಿದಿರುತ್ತದೆ, ಹಿಡಿ ಬಟ್ಟೆಯನ್ನು ಹೊರಕ್ಕೆ ಚುಚ್ಚುತ್ತದೆ. ಗಿಡ್ಡ ಮೈಯಲ್ಲಿ ಸೊಂಟಕ್ಕೂ ಕಂಕುಳಿಗೂ ಅಂತರ ಕಡಿಮೆ, ಅಗಲವಾದ ಸೊಂಟದೆಲುಬು ಹೋಲ್‌ಸ್ಟರಿನ ಕೆಳತುದಿಯನ್ನು ಹೊರಕ್ಕೆ ನೂಕಿ ಹಿಡಿಯನ್ನು ಪಕ್ಕೆಲುಬಿಗೆ ಒತ್ತುತ್ತದೆ. ಆದ್ದರಿಂದ ಗಂಡಸರಿಗೆ ಒಗ್ಗುವ ಬಲಪಕ್ಕದ ಹಿಂಭಾಗದ ಜಾಗ ಇವರಿಗೆ ಒಗ್ಗುವುದು ಅಪರೂಪ. ಹೊಕ್ಕುಳ ಮತ್ತು ಬಲಸೊಂಟದ ನಡುವೆ, ಪ್ಯಾಂಟಿನ ಒಳಗೆ, ತುಸು ಕೆಳಗಿಳಿಸಿ ಇಟ್ಟುಕೊಳ್ಳುವುದು ಬಹಳ ಮಂದಿಗೆ ಹಿತವಾಗುತ್ತದೆ. ಇಲ್ಲೊಂದು ವಿಚಿತ್ರವಿದೆ: ತೀರಾ ಗಿಡ್ಡ ಪಿಸ್ತೂಲಿನ ಭಾರವೆಲ್ಲ ಬೆಲ್ಟಿನ ಮೇಲುಗಡೆಯೇ ಉಳಿದು ಅದು ಹೊರಕ್ಕೆ ವಾಲುತ್ತದೆ, ಅರ್ಧ ಅಂಗುಲ ಉದ್ದವಿರುವುದು ನೆಟ್ಟಗೆ ನಿಲ್ಲುತ್ತದೆ. ಹಿಡಿಯನ್ನು ಮೈಯತ್ತ ಒತ್ತುವ ಸಣ್ಣ ರೆಕ್ಕೆ ಮತ್ತು ತುದಿಯಲ್ಲೊಂದು ಮೆತ್ತನೆಯ ದಿಂಬು ಇರುವ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರು ಈ ಬಹುತೇಕ ತೊಂದರೆಗಳನ್ನು ನೀಗಿಸುತ್ತದೆ. ಹೋಲ್‌ಸ್ಟರು ಗಟ್ಟಿಯಾಗಿದ್ದು ಟ್ರಿಗರನ್ನು ಪೂರ್ತಿ ಮುಚ್ಚಲೇಬೇಕು. ಲೆಗಿಂಗ್ಸ್, ಚೂಡಿದಾರ್ ಉಡುವವರಿಗೆ ಬೆಲ್ಟಿನ ಆಸರೆ ಇಲ್ಲದ್ದರಿಂದ ಹೊಟ್ಟೆಪಟ್ಟಿ ಬೇಕಾಗುತ್ತದೆ, ಬರಿಯ ಬಟ್ಟೆಯದಲ್ಲ, ಗಟ್ಟಿ ಕವಚ ಕೂಡಿಸಿದ್ದು. ಉದ್ದನೆಯ ಕುರ್ತಾ ಚೆನ್ನಾಗಿ ಮರೆಮಾಡಿದರೂ ಪಕ್ಕದ ಸೀಳು ಮೇಲಿನವರೆಗೆ ಇಲ್ಲದಿದ್ದರೆ ಕೈ ಪಿಸ್ತೂಲಿಗೆ ತಲುಪದು. ಸೀರೆಯಲ್ಲಿ ಇದು ಸಾಧ್ಯವಿಲ್ಲವೆಂದೇ ತಿಳಿದು ಅಂದು ಪಿಸ್ತೂಲನ್ನು ಮನೆಯ ಬೀಗದ ಪೆಟ್ಟಿಗೆಯಲ್ಲಿ ಬಿಡುವುದು ಲೇಸು.

ಅಂಥ ದಿನ ಕೈಚೀಲಕ್ಕೆ ಹಾಕಿಕೊಂಡರಾಯಿತು ಎಂದು ಯೋಚಿಸುವವರಿದ್ದಾರೆ. 2014ರ ಡಿಸೆಂಬರ್‌ನಲ್ಲಿ ಐಡಹೋ ರಾಜ್ಯದ ಹೇಡನ್ ಊರಿನ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ಶಾಪಿಂಗ್ ಗಾಡಿಯಲ್ಲಿದ್ದ ತಾಯಿಯ ಕೈಚೀಲದಿಂದ ಪಿಸ್ತೂಲು ತೆಗೆದು ಒತ್ತಿಬಿಟ್ಟಿತು, ತಾಯಿ ಅಲ್ಲೇ ಸತ್ತರು. ಆ ಚೀಲ ಪಿಸ್ತೂಲಿಗೆಂದೇ ಪ್ರತ್ಯೇಕ ಜೇಬು ಹೊಲಿದದ್ದು. ಮಕ್ಕಳು ಇಲ್ಲದ ಮನೆಯವರ ಚೀಲವನ್ನೂ ಕಳ್ಳರು ಕಸಿದುಕೊಂಡು ಹೋಗುತ್ತಾರೆ. ಮೈಮೇಲೆ ಇಡಲಾಗದ ದಿನ ಒಯ್ಯದಿರುವುದೇ ಸರಿ.

ಕೊಂಡು ತಂದ ಮೇಲೆ, ಅಭ್ಯಾಸದ ಅಗ್ಗದ ಗುಂಡುಗಳ ಜೊತೆಗೆ ನಿಜವಾಗಿ ಒಯ್ಯಲಿರುವ ಗುಂಡುಗಳನ್ನೂ ರೇಂಜಿನಲ್ಲಿ ಸಾಕಷ್ಟು ಹಾರಿಸಿ, ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಿಡಿತ ಸಡಿಲವಾದರೆ ಹಗುರವಾದ ಪಿಸ್ತೂಲು ಖಾಲಿ ಕೋಶವನ್ನು ಸರಿಯಾಗಿ ಹೊರಹಾಕದು, ಆಗ ಪಿಸ್ತೂಲನ್ನು ದೂರುವ ಮೊದಲು ಮಣಿಕಟ್ಟನ್ನು ಬಿಗಿಮಾಡಿ ಮತ್ತೊಮ್ಮೆ ನೋಡಬೇಕು. ಹೊರಗೆ ಒಯ್ಯುವ ಮುನ್ನ ಒಂದಷ್ಟು ದಿನ ಗುಂಡಿಲ್ಲದೆ ಮನೆಯಲ್ಲಿಯೇ ಕಟ್ಟಿಕೊಂಡು ಓಡಾಡುವುದು ಉತ್ತಮ: ಕೆಳಗೆ ಬಿದ್ದದ್ದನ್ನು ಬಾಗಿ ಎತ್ತಬೇಕು, ಕಾರಿನಲ್ಲಿ ಕುಳಿತು ಬೆಲ್ಟು ಹಾಕಬೇಕು, ಮೇಲಿನ ಅಟ್ಟದ ಡಬ್ಬಿಗೆ ಕೈ ಚಾಚಬೇಕು, ಮಗುವಿದ್ದರೆ ಸೊಂಟದ ಮೇಲೆ ಎತ್ತಿಕೊಳ್ಳಬೇಕು. ಚುಚ್ಚುವ ಜಾಗ ಎಲ್ಲಿದೆಯೆಂದು ಆಗ ಗೊತ್ತಾಗುತ್ತದೆ. ಹೋಲ್‌ಸ್ಟರಿನ ಎತ್ತರವನ್ನೂ ಓರೆಯನ್ನೂ ಬದಲಿಸುವ ಸ್ಕ್ರೂಗಳು ಇರುವುದು ಅದಕ್ಕಾಗಿಯೇ. ಒಂದೊಂದು ಸಲಕ್ಕೆ ಒಂದನ್ನು ಮಾತ್ರ, ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಬೇಕು.