ಪಿಕಪ್‌ಗೆ ದೊಡ್ಡ ಟೈರ್: ಬಾಡಿ ಲಿಫ್ಟ್ ಮಾಡಿಸುವವರು ತಿಳಿದಿರಬೇಕಾದದ್ದು

ಪುಣೆಯಲ್ಲಿ ನೌಕರಿಯೋ ವ್ಯಾಪಾರವೋ ಮಾಡಿಕೊಂಡು, ಬಿಡುವಾದಾಗ ವಿಜಯಪುರ, ಬಾಗಲಕೋಟೆ ಕಡೆಯ ಹೊಲಗಳಿಗೆ ಪಿಕಪ್ ಓಡಿಸಿಕೊಂಡು ಹೋಗುವ ಕನ್ನಡಿಗರು ಕಡಿಮೆಯಿಲ್ಲ. ಎರೆಮಣ್ಣಿನ ದಾರಿಯಲ್ಲಿ ಒಂದು ಮಳೆಗಾಲ ಕಳೆದವರಿಗೆ ದೊಡ್ಡ ಟೈರ್ ಹಾಕಿಸುವ ಆಸೆ ಹುಟ್ಟುವುದು ಸಹಜ. ಟೈರ್ ಮಡ್‌ಗಾರ್ಡಿಗೆ ತಾಗುತ್ತದೆ ಎಂದಾಗ ಗ್ಯಾರೇಜಿನವರು ಹೇಳುವ ಅಗ್ಗದ ಪರಿಹಾರವೇ ಬಾಡಿ ಲಿಫ್ಟ್. ಷಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಮತ್ತು ಬಾಡಿಯ ನಡುವೆ, ರಬ್ಬರ್ ಬುಷ್‌ಗಳು ಕೂರುವ ಜಾಗದಲ್ಲಿ, ಒಂದರಿಂದ ಮೂರು ಇಂಚು ದಪ್ಪದ ಬಿಲ್ಲೆಗಳನ್ನು ಇಟ್ಟು ಬಾಡಿಯನ್ನಷ್ಟೇ ಮೇಲಕ್ಕೆ ಎತ್ತುವ ಕೆಲಸವಿದು. ಇದರಿಂದ ಷಾಸಿ, ಆಕ್ಸಲ್, ಆಕ್ಸಲ್ಲಿನ ನಡುವಿನ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಯಾವುದೂ ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ನೆಲದಿಂದ ನಿಜವಾದ ಎತ್ತರ ಕೊಡುವುದು ಟೈರ್ ಮಾತ್ರ. ಬಾಡಿ ಲಿಫ್ಟ್ ಆ ಟೈರಿಗೆ ಜಾಗ ಮಾಡಿಕೊಡುತ್ತದೆ, ಅಷ್ಟೆ. ಆದ್ದರಿಂದ ಮೊದಲು ಟೈರನ್ನು ನಿರ್ಧರಿಸಿ, ಅದಕ್ಕೆ ಬೇಕಾದಷ್ಟೇ ಲಿಫ್ಟ್ ಮಾಡಿಸಬೇಕೇ ಹೊರತು, ಮೂರು ಇಂಚು ಎತ್ತಿಸಿ ಆಮೇಲೆ ಟೈರ್ ಹುಡುಕುವುದು ಸರಿಯಲ್ಲ.

ಟೈರಿನ ಲೆಕ್ಕ

ಚಾಲಕನ ಬಾಗಿಲು ತೆರೆದಾಗ ಕಾಣುವ ಸ್ಟಿಕರಿನಲ್ಲಿ ಕಂಪನಿ ಸೂಚಿಸಿದ ಟೈರಿನ ಅಳತೆ ಮತ್ತು ಗಾಳಿಯ ಒತ್ತಡ ಸಾಮಾನ್ಯವಾಗಿ ಇರುತ್ತವೆ. ಅದು 255/65 ಆರ್ 17 ಎಂದಿದೆ ಎಂದುಕೊಳ್ಳೋಣ. ಟೈರಿನ ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ರಿಮ್ಮಿನ ವ್ಯಾಸ 17 ಇಂಚು. ಎರಡು ಬದಿಯ ಗೋಡೆಗಳನ್ನೂ ರಿಮ್ಮಿಗೆ ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 763 ಮಿ.ಮೀ. ಅದೇ ರಿಮ್ಮಿಗೆ 265/70 ಹಾಕಿದರೆ ವ್ಯಾಸ ಸುಮಾರು 803 ಮಿ.ಮೀ. ಆಗುತ್ತದೆ. ವ್ಯಾಸ 40 ಮಿ.ಮೀ. ಹೆಚ್ಚಿದರೂ ಡಿಫರೆನ್ಷಿಯಲ್ ಏರುವುದು ಅದರ ಅರ್ಧ, ಅಂದರೆ 20 ಮಿ.ಮೀ. ಮಾತ್ರ. ಸ್ಪೀಡೋಮೀಟರ್ ಮೊದಲು ಸರಿಯಾಗಿಯೇ ತೋರಿಸುತ್ತಿತ್ತು ಎಂದಿಟ್ಟುಕೊಂಡರೆ, ಇನ್ನು ಮುಂದೆ ಅದು 80 ಎಂದಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. 285/70ಕ್ಕೆ ಹೋದರೆ ಈ ವ್ಯತ್ಯಾಸ ಶೇ 9ರ ಹತ್ತಿರ ಬರುತ್ತದೆ. ಆಗ ಘಾಟಿನ ಏರಿನಲ್ಲಿ ಗೇರ್ ಇಳಿಸುವುದು ಹೆಚ್ಚುತ್ತದೆ, ಬ್ರೇಕ್ ತುಳಿಯಲು ಹೆಚ್ಚು ಬಲ ಬೇಕಾಗುತ್ತದೆ, ಡೀಸೆಲ್ ಖರ್ಚೂ ಏರುತ್ತದೆ. ದಿನನಿತ್ಯ ಬಳಸುವ ಗಾಡಿಗೆ 265/70 ಅಳತೆಯೇ ಸಾಕೆಂದು ನನ್ನ ಅಭಿಪ್ರಾಯ. ಎಷ್ಟೋ ಪಿಕಪ್‌ಗಳಲ್ಲಿ ಅದಕ್ಕೆ ಲಿಫ್ಟಿನ ಅಗತ್ಯವೇ ಬೀಳುವುದಿಲ್ಲ.

ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆಯನ್ನೂ ಓದಿಕೊಳ್ಳಬೇಕು. 110 ಎಂದರೆ ಒಂದು ಟೈರ್ 1,060 ಕೆ.ಜಿ. ಹೊರಬಲ್ಲದು. ಹೊಸ ಟೈರಿನ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಕೂಡದು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ, ಆರ್‌ಸಿಯಲ್ಲಿರುವ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಇಂಥ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಬೀಳಬಹುದು. ಹೀಗಾಗಿ ಬಾಡಿ ಲಿಫ್ಟಿನ ಬಗ್ಗೆ ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ಒಪ್ಪಿಗೆಯಿದ್ದರೆ ಲಿಖಿತವಾಗಿ ಪಡೆಯಬೇಕು. ಇಲ್ಲದಿದ್ದರೆ ಅಂಥ ಗಾಡಿಯನ್ನು ಸ್ವಂತ ಜಮೀನಿಗೋ ಸ್ಪರ್ಧೆಯ ಮೈದಾನಕ್ಕೋ ಮೀಸಲಿಡಬೇಕು. ವಿಮಾ ಕಂಪನಿಗೂ ತಿಳಿಸಬೇಕು, ಏಕೆಂದರೆ ಹೇಳದೆ ಮಾಡಿಸಿದ ಮಾರ್ಪಾಡು ಕ್ಲೇಮ್ ಹೊತ್ತಿನಲ್ಲಿ ತಕರಾರಿಗೆ ದಾರಿಯಾಗುತ್ತದೆ. ಗೋವಾದ ಮಳೆಗಾಲದ ಆಫ್‌ರೋಡ್ ಸ್ಪರ್ಧೆ ರೇನ್‌ಫಾರೆಸ್ಟ್ ಚಾಲೆಂಜ್‌ನಲ್ಲಿ ಕಾಣುವ ವಾಹನಗಳು ಸ್ಪರ್ಧೆಗೆಂದೇ ಕಟ್ಟಿದವು. ಅವುಗಳನ್ನು ನೋಡಿ ಪುಣೆಯ ಕಾತ್ರಜ್ ರಸ್ತೆಯಲ್ಲಿ ಓಡಿಸುವ ಗಾಡಿಗೆ ಅಳತೆ ತೆಗೆದುಕೊಳ್ಳುವುದು ಬೇಡ.

ಎಲ್ಲಿ ತಾಗುತ್ತದೆ?

ಬೇಕಾದ ಅಳತೆಯ ಒಂದು ಟೈರನ್ನು ಅಂಗಡಿಯವರಿಂದ ಕೇಳಿ ಪಡೆದು, ಮುಂದಿನ ಚಕ್ರಕ್ಕೆ ಹಾಕಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು. ಬಳಿಕ ಆ ಚಕ್ರವನ್ನು ಗಟ್ಟಿಯಾದ ರ‍್ಯಾಂಪಿನ ಮೇಲೆ ಏರಿಸಿ, ಸ್ಪ್ರಿಂಗ್ ಕುಗ್ಗಿದಾಗ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಬೇಕು. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದರೆ ತಾಗಿದ ಜಾಗದಲ್ಲಿ ಬಿಳಿ ಗುರುತು ಬೀಳುತ್ತದೆ. ಗುರುತು ಮಡ್‌ಗಾರ್ಡಿನ ಒಳಪದರದ ಮೇಲಿದ್ದರೆ ಬಾಡಿ ಲಿಫ್ಟ್ ಕೆಲಸಕ್ಕೆ ಬರುತ್ತದೆ. ಆದರೆ ಅದು ಸಸ್ಪೆನ್ಷನ್ನಿನ ಮೇಲಿನ ತೋಳಿನ ಮೇಲೋ, ಮುಂದಿನ ಚಕ್ರದ ಹಿಂದೆ ಷಾಸಿಗೆ ಬೆಸುಗೆ ಹಾಕಿರುವ ಬ್ರ್ಯಾಕೆಟ್ಟಿನ ಮೇಲೋ ಇದ್ದರೆ ಲಿಫ್ಟ್ ಎಷ್ಟು ಮಾಡಿದರೂ ವ್ಯರ್ಥ, ಏಕೆಂದರೆ ಆ ಭಾಗಗಳು ಬಾಡಿಯೊಂದಿಗೆ ಮೇಲೇರುವುದಿಲ್ಲ. ಚಕ್ರವನ್ನು ಹೊರಕ್ಕೆ ತರುವ ಬೇರೆ ಆಫ್‌ಸೆಟ್‌ನ ರಿಮ್ ಹಾಕಿದರೆ ಮೇಲಿನ ತೋಳಿನಿಂದ ಬಿಡುಗಡೆ ಸಿಗುತ್ತದೆ ನಿಜ. ಆದರೆ ತಿರುಗಿಸುವಾಗ ಟೈರ್ ಇನ್ನೂ ದೊಡ್ಡ ಕಮಾನಿನಲ್ಲಿ ಸುತ್ತಿ ಬಂಪರಿಗೆ ತಾಗುವ ಸಂಭವ ಹೆಚ್ಚುತ್ತದೆ, ವೀಲ್ ಬೇರಿಂಗಿನ ಮೇಲಿನ ಭಾರವೂ ಏರುತ್ತದೆ.

ಬಾಡಿ ಎತ್ತುವ ಕೆಲಸ

ಬಿಲ್ಲೆಗಳು ಆ ಮಾದರಿಯ ವಾಹನಕ್ಕೆಂದೇ ತಯಾರಾದ ಕಿಟ್‌ನವಾಗಿರಲಿ. ಲೇತಿನಲ್ಲಿ ಕಡೆಸಿದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವುದು ಅಪಾಯಕರ. ಹೊಸ ಬೋಲ್ಟುಗಳು ಮೂಲ ಬೋಲ್ಟಿಗಿಂತ ಬಿಲ್ಲೆಯ ದಪ್ಪದಷ್ಟು ಹೆಚ್ಚು ಉದ್ದವಾಗಿರಬೇಕು, ಗಡಸುತನದಲ್ಲಿ ಅದಕ್ಕಿಂತ ಕಡಿಮೆ ಇರಬಾರದು. ಪುಣೆಯ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸ ರಬ್ಬರ್ ಬುಷ್ ಕೇಳಿ ತಂದಿಟ್ಟುಕೊಂಡರೆ ಒಳ್ಳೆಯದು, ಏಕೆಂದರೆ ಹಳೆಯವು ಬಿಚ್ಚಿದಾಗ ಸೀಳಿರುವುದೇ ಹೆಚ್ಚು.

ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಓಡಿದ ಗಾಡಿಯಾದರೆ ಬಾಡಿ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡಬೇಕು. ಈ ಬೋಲ್ಟು ಹಿಡಿಯುವ ನಟ್ಟನ್ನು ಕೆಲವು ಕಡೆ ಬಾಡಿಯ ಒಳಗೆ ತಗಡಿನ ಗೂಡಿನಲ್ಲಿ ಕೂರಿಸಿರುತ್ತಾರೆ. ಅವಸರದಲ್ಲಿ ಪಾನಾ ಎಳೆದರೆ ಗೂಡು ಹರಿದು, ನಟ್ಟು ಬೋಲ್ಟಿನೊಂದಿಗೇ ಸುತ್ತತೊಡಗುತ್ತದೆ. ಆಮೇಲೆ ಕ್ಯಾಬಿನ್ನಿನ ನೆಲ ಕತ್ತರಿಸದೆ ಬೇರೆ ದಾರಿ ಇರುವುದಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಚಕ್ರಗಳಿಗೆ ಅಡೆ ಕೊಟ್ಟ ಮೇಲೆ, ಬಾಡಿ ಮತ್ತು ಷಾಸಿಯ ನಡುವೆ ಹಾದುಹೋಗುವ ಎಲ್ಲವನ್ನೂ ಒಂದೊಂದಾಗಿ ನೋಡಬೇಕು: ಸ್ಟೀರಿಂಗ್ ಶಾಫ್ಟ್, ಬ್ರೇಕ್ ಮತ್ತು ಕ್ಲಚ್ ಪೈಪು, ಡೀಸೆಲ್ ತುಂಬುವ ಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್, ಅರ್ತಿಂಗ್ ಪಟ್ಟಿ, ಗೇರ್ ಲಿವರ್. ಇವುಗಳಲ್ಲಿ ಸ್ಟೀರಿಂಗ್ ಶಾಫ್ಟ್ ಬಗ್ಗೆ ರಾಜಿ ಇಲ್ಲ. ಅದು ಒಳಗೊಳಗೇ ಜಾರಿ ಉದ್ದವಾಗುವಂಥದಾದರೂ, ಎತ್ತಿದ ಮೇಲೆ ಎರಡು ಭಾಗಗಳ ಹಿಡಿತ ಎಷ್ಟು ಉಳಿಯಿತೆಂದು ಅಳೆಯಬೇಕು. ಸಾಲದಿದ್ದರೆ ಕಿಟ್‌ನ ಜೊತೆ ಬರುವ ವಿಸ್ತರಣೆಯನ್ನೇ ಹಾಕಬೇಕು, ಬೆಸುಗೆ ಹಾಕಿ ಉದ್ದ ಮಾಡುವುದನ್ನು ಒಪ್ಪಲೇಬಾರದು. ರೇಡಿಯೇಟರ್ ಬಾಡಿಗೂ ಫ್ಯಾನ್ ಎಂಜಿನ್ನಿಗೂ ಕೂಡಿಕೊಂಡಿರುವ ಗಾಡಿಗಳಲ್ಲಿ ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಹೊದಿಕೆ ಬಾಡಿಯೊಂದಿಗೆ ಏರಿ, ಅದರ ಕೆಳ ಅಂಚು ರೆಕ್ಕೆಗೆ ಬಡಿಯುತ್ತದೆ. ಆ ಹೊದಿಕೆಯನ್ನು ಅಷ್ಟೇ ಇಳಿಸಿ ಕೂರಿಸಬೇಕು.

ಎರಡೂ ಬದಿಯ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಒಂದು ಬದಿಯವನ್ನು ಮಾತ್ರ ಪೂರ್ತಿ ತೆಗೆಯಬೇಕು. ಜಾಕಿನ ತಲೆಯ ಮೇಲೆ ಅಗಲವಾದ ಮರದ ಹಲಗೆ ಇಟ್ಟು, ಬಾಡಿಯ ಗಟ್ಟಿ ಅಂಚಿಗೆ ಕೊಟ್ಟು ನಿಧಾನವಾಗಿ ಎತ್ತಬೇಕು. ಒಬ್ಬರು ಜಾಕ್ ಆಡಿಸುತ್ತಿರುವಾಗ ಇನ್ನೊಬ್ಬರು ಪೈಪು, ತಂತಿಗಳು ಬಿಗಿಯುತ್ತಿವೆಯೇ ಎಂದು ಟಾರ್ಚ್ ಹಿಡಿದು ನೋಡುತ್ತಿರಬೇಕು; ಬಿಲ್ಲೆ ತೂರಿಸುವಾಗ ಬೆರಳುಗಳು ಷಾಸಿಯ ಮೇಲೆ ಇರಕೂಡದು. ಒಂದು ಬದಿ ಮುಗಿದ ಮೇಲೆ ಇನ್ನೊಂದು, ಕ್ಯಾಬಿನ್ ಆದ ಮೇಲೆ ಹಿಂದಿನ ಟ್ರೇ. ಎಲ್ಲವೂ ಸರಿಯಾಗಿ ಕುಳಿತ ನಂತರವೇ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಕಿಟ್‌ನ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು.

ರಸ್ತೆಗೆ ಇಳಿಸುವ ಮುನ್ನ

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು, ಸ್ಟೆಪ್ನಿಯೂ ಹಾಗೆಯೇ. ದೊಡ್ಡ ಸ್ಟೆಪ್ನಿ ಷಾಸಿಯ ಕೆಳಗಿನ ಜಾಗದಲ್ಲಿ ಹಿಡಿಯದಿದ್ದರೆ ಟ್ರೇಯಲ್ಲಿ ಅದಕ್ಕೊಂದು ಸ್ಥಳ ಮಾಡಬೇಕಾಗುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿ. ಬಾಡಿಯೊಂದಿಗೆ ಹೆಡ್‌ಲೈಟೂ ಏರಿರುವುದರಿಂದ ಅದರ ಬೆಳಕನ್ನು ಕೆಳಕ್ಕೆ ಹೊಂದಿಸದಿದ್ದರೆ ರಾತ್ರಿ ಹೊತ್ತು ಎದುರಿನವರ ಕಣ್ಣಿಗೆ ಕತ್ತಲು ಕವಿಯುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸುವವರು ಅಲ್ಲಿಯ ತೊಲೆಯ ಎತ್ತರವನ್ನು ಟೇಪು ಹಿಡಿದು ಅಳೆದುಕೊಳ್ಳಲಿ. ಖಾಲಿ ಮೈದಾನದಲ್ಲಿ ಮುಂದಕ್ಕೂ ಹಿಂದಕ್ಕೂ ಪೂರ್ತಿ ತಿರುವು ಕೊಟ್ಟು, ಟ್ರೇಯಲ್ಲಿ ಭಾರ ಹೇರಿ ರಸ್ತೆಯುಬ್ಬು ದಾಟಿಸಿ ನೋಡಿದ ಮೇಲೆ ದೂರದ ಪ್ರಯಾಣಕ್ಕೆ ಹೊರಡಬಹುದು. ಸುಮಾರು 500 ಕಿ.ಮೀ. ಓಡಿದ ನಂತರ ಎಲ್ಲ ಬಾಡಿ ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಅದೇ ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿ ನೋಡಿಸಿ, ಸ್ಟೀರಿಂಗ್ ಶಾಫ್ಟಿನ ಜೋಡಣೆಯನ್ನು ಗ್ಯಾರೇಜಿನವರ ಜೊತೆ ನೀವೂ ಬಗ್ಗಿ ನೋಡಬೇಕು.