ನನ್ನ ಎರಡು ದಾಖಲೆ ಪುಸ್ತಕಗಳು

ಸಂದರ್ಶಕರ ರಿಜಿಸ್ಟರಿನಲ್ಲಿ ಬಂದ ಸಮಯವನ್ನು ಎಲ್ಲರೂ ಬರೆಯುತ್ತಾರೆ, ಹೋದ ಸಮಯವನ್ನು ಬಹಳ ಮಂದಿ ಬರೆಯುವುದಿಲ್ಲ. ಶಾಲೆಯೊಂದರ ರಿಸೆಪ್ಷನಿಸ್ಟ್ ಆಗಿ ಸೇರಿದಾಗ ನಾನು ಮೊದಲು ಕೈಹಾಕಿದ್ದು ಈ ಖಾಲಿ ಅಂಕಣಕ್ಕೆ. ಬೆಂಕಿ ಅವಘಡವಾದರೆ ಮಕ್ಕಳ ಹಾಜರಾತಿ ಶಿಕ್ಷಕರ ಕೈಯಲ್ಲಿರುತ್ತದೆ. ಆದರೆ ಕಟ್ಟಡದೊಳಗೆ ಹೊರಗಿನವರು ಯಾರಿದ್ದಾರೆ ಎಂಬುದನ್ನು ಹೇಳಬಲ್ಲದ್ದು ನನ್ನ ರಿಜಿಸ್ಟರ್ ಮಾತ್ರ. ಹೊರಟು ಹೋದವರ ಹೆಸರು ಅದರಲ್ಲಿ ಉಳಿದಿದ್ದರೆ ಇಲ್ಲದವರನ್ನು ಹುಡುಕಲು ಯಾರೋ ಹೊಗೆಯೊಳಗೆ ನುಗ್ಗಬೇಕಾಗುತ್ತದೆ. ಆದ್ದರಿಂದ ಸಂದರ್ಶಕರಿಗೆ ಕೊಟ್ಟ ಬ್ಯಾಡ್ಜನ್ನು ನಾನೇ ಕೈಯಾರೆ ವಾಪಸು ಪಡೆದು, ಆಗಲೇ ಸಮಯ ಬರೆಸಿಕೊಳ್ಳುವ ಕ್ರಮವನ್ನು ತಂದೆ. ತೆರವಿನ ಅಭ್ಯಾಸದ ದಿನ ನನ್ನ ಕೈಚೀಲ ಮೇಜಿನಲ್ಲೇ ಇರುತ್ತದೆ, ರಿಜಿಸ್ಟರ್ ನನ್ನೊಂದಿಗೆ ಹೊರಗೆ ಬರುತ್ತದೆ.

ಬೆಳಗಿನ ಮೊದಲ ಗಂಟೆಯಲ್ಲಿ ಫೋನು, ತಡವಾಗಿ ಬಂದ ಮಕ್ಕಳು, ಅರ್ಜಿ ಹಿಡಿದ ಪೋಷಕರು, ಸಾಮಾನು ತಂದ ಕೆಲಸಗಾರರು ಎಲ್ಲರೂ ಒಟ್ಟಿಗೇ ಬರುತ್ತಾರೆ. ನಾನು ಪಾಲಿಸುವ ಕ್ರಮ ಇಷ್ಟೆ: ಎದುರು ನಿಂತ ಮಗು ಮೊದಲು, ಆಮೇಲೆ ಫೋನು, ಆಮೇಲೆ ಉಳಿದವರು. ತಡವಾಗಿ ಬಂದ ಮಗುವನ್ನು ನಾನು ಏಕೆ ಎಂದು ಗದರಿಸುವುದಿಲ್ಲ. ಬಂದ ಸಮಯ ಬರೆದು ತರಗತಿಗೆ ಕಳುಹಿಸುತ್ತೇನೆ. ಕಾರಣ ಕೇಳುವ ಕೆಲಸ ತರಗತಿ ಶಿಕ್ಷಕರದ್ದು. ಎಂಟು ವರ್ಷದ ಮಗುವನ್ನು ಹೊತ್ತಿಗೆ ಸರಿಯಾಗಿ ಹೊರಡಿಸಬೇಕಾದವರು ಮನೆಯ ದೊಡ್ಡವರು.

ಮಗುವನ್ನು ಮಧ್ಯದಲ್ಲಿ ಕರೆದೊಯ್ಯಲು ಬಂದವರ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಬಗ್ಗುವುದಿಲ್ಲ. ಅನುಮತಿ ಪಟ್ಟಿಯಲ್ಲಿ ಹೆಸರಿರಬೇಕು, ಗುರುತಿನ ಚೀಟಿ ತೋರಿಸಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ ಕಡತದಲ್ಲಿರುವ ಪೋಷಕರ ಸಂಖ್ಯೆಗೆ ಕರೆ ಮಾಡುತ್ತೇನೆ, ಬಂದವರು ಹೇಳಿದ ಸಂಖ್ಯೆಗೆ ಅಲ್ಲ. ಮಗು ಓಡಿಬಂದು ಅಪ್ಪಿಕೊಂಡಿತು ಎಂಬುದು ಪುರಾವೆಯಲ್ಲ. ಮಗುವನ್ನು ಕರೆದೊಯ್ಯುವ ಹಕ್ಕಿಲ್ಲದ ಬಂಧುವನ್ನೂ ಮಕ್ಕಳು ಅಪ್ಪಿಕೊಳ್ಳುತ್ತಾರೆ. ಹಾಗೆಯೇ ಅಪರಿಚಿತರು ಕರೆ ಮಾಡಿ ‘ಇಂಥ ಹುಡುಗಿ ಇವತ್ತು ಶಾಲೆಗೆ ಬಂದಿದ್ದಾಳೆಯೇ’ ಎಂದರೆ ಹೌದು, ಇಲ್ಲ ಎರಡನ್ನೂ ಹೇಳುವುದಿಲ್ಲ. ಹೆಸರು, ಸಂಖ್ಯೆ ಬರೆದುಕೊಂಡು, ಸಂಖ್ಯೆಯನ್ನು ಒಮ್ಮೆ ಓದಿ ಹೇಳಿ, ಮುಖ್ಯೋಪಾಧ್ಯಾಯರಿಗೆ ತಲುಪಿಸುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ನಾನು ದನಿ ಏರಿಸದೆ ಅದೇ ಮಾತನ್ನು ಮತ್ತೆ ಹೇಳುತ್ತೇನೆ.

ಗಾಯ, ಜ್ವರ, ಅಳು ಎಲ್ಲವೂ ಮೊದಲು ನನ್ನ ಮೇಜಿಗೇ ಬರುತ್ತವೆ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದದ್ದು ಈ ಉದ್ಯೋಗದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ. ಮೂಗಿನಲ್ಲಿ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಒರಗಿಸಬೇಕೆಂದು ಬಹಳ ಮಂದಿ ನಂಬಿದ್ದಾರೆ. ಹಾಗೆ ಮಾಡಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಮಗುವನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಶಾಶ್ವತ ಹಲ್ಲು ಬುಡಸಮೇತ ಕಳಚಿ ಬಿದ್ದರೆ ಬೇರಿನ ಭಾಗ ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿ, ತಡಮಾಡದೆ ದಂತವೈದ್ಯರ ಬಳಿಗೆ ಕಳುಹಿಸಬೇಕು. ತಲೆಗೆ ಪೆಟ್ಟಾದರೆ, ಮಗು ಆಡುತ್ತಾ ನಗುತ್ತಾ ಇದ್ದರೂ ಮನೆಗೆ ತಿಳಿಸಲೇಬೇಕು.

ಆದರೆ ಹೆಚ್ಚಾಗಿ ಬರುವುದು ಹೊಟ್ಟೆನೋವು. ‘ಮಿಸ್, ಅಮ್ಮನಿಗೆ ಫೋನ್ ಮಾಡಿ’ ಎನ್ನುವ ಮಗುವನ್ನು ನೆಪಗಾರ ಎಂದು ನಾನು ಎಂದೂ ಬರೆದಿಲ್ಲ. ಸಮಯ, ಮಗುವಿನದೇ ಮಾತು, ನನಗೆ ಕಂಡದ್ದು ಇಷ್ಟನ್ನು ಬರೆಯುತ್ತೇನೆ. ಒಂದು ಮಗುವಿನ ಹೆಸರು ಹೀಗೆ ಪದೇಪದೇ ಬರುತ್ತಿದ್ದಾಗ ಪುಟ ತಿರುವಿ ನೋಡಿದೆ: ವಾರದ ಅದೇ ದಿನ, ಅದೇ ಅವಧಿಗೆ ಮುಂಚೆ. ತರಗತಿ ಶಿಕ್ಷಕಿಗೆ ಆ ಸಾಲುಗಳನ್ನು ತೋರಿಸಿದೆ. ಅದು ಎಲ್ಲರೆದುರು ಗಟ್ಟಿಯಾಗಿ ಓದಿಸುವ ಅವಧಿ. ಅವರು ಮಗುವನ್ನು ಕೆಲವು ವಾರ ತಮ್ಮೆದುರು ಮಾತ್ರ ಓದಿಸಿದರು. ಆ ಹೊಟ್ಟೆನೋವು ಮತ್ತೆ ನನ್ನ ಪುಸ್ತಕಕ್ಕೆ ಬರಲಿಲ್ಲ.

ಸರಿಯಾದ ಸಮಯದೊಂದಿಗೆ ಕಂಡದ್ದನ್ನಷ್ಟೇ ಬರೆಯುವ ಈ ಶಿಸ್ತನ್ನು ನನಗೆ ಕಲಿಸಿದ್ದು ನನ್ನ ಇನ್ನೊಂದು ಪುಸ್ತಕ. ರಾತ್ರಿ ಹೊತ್ತು ನಾನು ಚಂಚಲ ನಕ್ಷತ್ರಗಳನ್ನು, ಅಂದರೆ ಹೊಳಪು ಬದಲಾಗುವ ನಕ್ಷತ್ರಗಳನ್ನು ನೋಡುತ್ತೇನೆ. ದಿನವಿಡೀ ಮಾತು ಕೇಳಿದ ಕಿವಿಗೆ ಆ ಮೌನ ಬೇಕೇ ಬೇಕು. ನನಗೆ ಅಚ್ಚುಮೆಚ್ಚಿನದು ಅಲ್ಗಾಲ್. ಸಾಮಾನ್ಯವಾಗಿ ಅದರ ಹೊಳಪಿನ ಅಂಕ 2.1. ಸುಮಾರು 2 ದಿನ 21 ಗಂಟೆಗೊಮ್ಮೆ ಅದು 3.4ಕ್ಕೆ ಮಂಕಾಗುತ್ತದೆ (ಅಂಕ ಹೆಚ್ಚಿದಷ್ಟೂ ಹೊಳಪು ಕಡಿಮೆ). ಮಂಕಾಗಿ ಮತ್ತೆ ಬೆಳಗಲು ಸುಮಾರು 10 ಗಂಟೆ ಬೇಕು. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳಲ್ಲಿ ಮಂದವಾದದ್ದು ಪ್ರಕಾಶಮಾನವಾದದ್ದಕ್ಕೆ ಅಡ್ಡ ಬರುವುದೇ ಇದಕ್ಕೆ ಕಾರಣ.

ಈ ಕ್ರಮಬದ್ಧತೆಯನ್ನು ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್‌ರಿಕ್ ಎಂಬ ಕಿವುಡ ತರುಣ ಗುರುತಿಸಿ, 1783ರಲ್ಲಿ ವರದಿ ಮಾಡಿದ. ಕಪ್ಪು ಕಾಯವೊಂದು ಅಡ್ಡ ಬರುತ್ತಿರಬಹುದು ಎಂದೂ ಅವನು ಊಹಿಸಿದ್ದ. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 1786ರಲ್ಲಿ, 21ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಕೆಲಸವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಇದಕ್ಕೆ ದೂರದರ್ಶಕ ಬೇಡ. ಪಕ್ಕದ ಸ್ಥಿರ ಹೊಳಪಿನ ನಕ್ಷತ್ರಗಳೊಂದಿಗೆ ಬರಿಗಣ್ಣಿನಲ್ಲಿ ಹೋಲಿಸಿದರೆ ಸಾಕು. 1.8ರ ಮಿರ್ಫಾಕ್‌ಗಿಂತ ಮಂದವೇ, 2.9ರ ಎಪ್ಸಿಲಾನ್ ಪರ್ಸಿಗಿಂತ ಉಜ್ಜ್ವಲವೇ ಎಂದು ನೋಡಿ ಅಂದಾಜಿಸುತ್ತೇನೆ. ನಿನ್ನೆಯ ಅಂಕವನ್ನು ನೋಡಿಕೊಂಡು ಇಂದಿನದನ್ನು ಬರೆಯುವುದಿಲ್ಲ. ನಿರೀಕ್ಷೆ ಕಣ್ಣನ್ನು ಬಹಳ ಸುಲಭವಾಗಿ ಮರುಳುಮಾಡುತ್ತದೆ.

ಈ ಹವ್ಯಾಸದ ಸುದ್ದಿ ಮಕ್ಕಳಿಗೂ ತಿಳಿದಿದೆ. ಅಲ್ಗಾಲ್ ಮಂಕಾಗುವ ಹೊತ್ತು ಮಲಗುವ ಸಮಯಕ್ಕೆ ಮೊದಲೇ ಬರುವ ದಿನಗಳನ್ನು ಲೆಕ್ಕಹಾಕಿ ಸೂಚನಾ ಫಲಕದಲ್ಲಿ ಹಾಕುತ್ತೇನೆ. ನವೆಂಬರ್, ಡಿಸೆಂಬರ್ ಸಂಜೆಗಳು ಇದಕ್ಕೆ ಅನುಕೂಲ. ಮರುದಿನ ನನ್ನ ಮೇಜಿಗೆ ಬಂದು ಅಂಕ ಹೇಳುವ ಮಕ್ಕಳನ್ನು ನಾನು ಕೇಳುವುದು ಒಂದೇ ಪ್ರಶ್ನೆ: ನೋಡಿದಾಗ ಗಂಟೆ ಎಷ್ಟಾಗಿತ್ತು?