ನಾಯಿಯ ಕಣ್ಣಿಗೆ ಹನಿ ಹಾಕುವುದು ಹೇಗೆ?

‘ಎಷ್ಟು ಔಷಧಿ ಹಾಕಿದರೂ ಕಣ್ಣು ವಾಸಿಯಾಗುತ್ತಿಲ್ಲ ಡಾಕ್ಟ್ರೇ’ ಎಂದು ಮತ್ತೆ ಬರುವವರಿಗೆ, ನನ್ನೆದುರೇ ಒಂದು ಹನಿ ಹಾಕಿ ತೋರಿಸಿ ಎನ್ನುತ್ತೇನೆ. ಹನಿ ಹುಬ್ಬಿನ ಮೇಲೆ ಬೀಳುತ್ತದೆ, ಮೂಗಿನ ಮೇಲೆ ಬೀಳುತ್ತದೆ, ಹಾಕಿದವರ ತೋಳಿನ ಮೇಲೂ ಬೀಳುತ್ತದೆ. ಕಣ್ಣೊಳಗೆ ಬೀಳುವುದು ಅಪರೂಪ.

ಮೊದಲ ಹೆಜ್ಜೆ ವೈದ್ಯರ ಬಳಿ ಹೋಗುವ ಮುಂಚಿನದು: ಕಣ್ಣನ್ನು ಮುಟ್ಟಬೇಡಿ. ಗೀಜು ಕಟ್ಟಿದ್ದರೆ ಇರಲಿ, ಅದರ ಬಣ್ಣ ನೋಡಿಯೇ ನಮಗೆ ಅರ್ಧ ವಿಷಯ ತಿಳಿಯುತ್ತದೆ. ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ ಒಂದು ನಿಮಿಷದಲ್ಲಿ ಎಷ್ಟು ಕಣ್ಣೀರು ಏರುತ್ತದೆಂದು ಅಳೆಯುವುದು ಮೊದಲ ಪರೀಕ್ಷೆ. ನಾಯಿಗೆ 15 ಮಿ.ಮೀ. ದಾಟಿದರೆ ಸರಿ, 10ಕ್ಕಿಂತ ಕಡಿಮೆಯಾದರೆ ಒಣಗಣ್ಣಿನ ಅನುಮಾನ. ಮನೆಯಲ್ಲೇ ತೊಳೆದು, ಹನಿ ಬಿಟ್ಟು ತಂದರೆ ಈ ಅಳತೆ ಕೆಟ್ಟಿತೆಂದೇ ಲೆಕ್ಕ. ಆಮೇಲೆ ಬಣ್ಣ ಹಾಕುತ್ತೇವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಹುಣ್ಣಿದ್ದರೆ ನೀಲಿ ಬೆಳಕಿನಲ್ಲಿ ಆ ಜಾಗ ಹಸಿರಾಗಿ ಹೊಳೆಯುತ್ತದೆ. ಕೊನೆಗೆ ಕಣ್ಣೊಳಗಿನ ಒತ್ತಡ. ಕುತ್ತಿಗೆಪಟ್ಟಿ ಬಿಗಿದು ಎಳೆದರೆ ಆ ಅಂಕಿ ಸುಳ್ಳೇ ಏರುತ್ತದೆ, ಆದ್ದರಿಂದ ಎದೆಗೆ ಹಾಕುವ ಹಾರ್ನೆಸ್ ತೊಡಿಸಿ ತನ್ನಿ.

ಇಲ್ಲೊಂದು ಮಾತು. ಮನೆಯಲ್ಲಿ ಯಾರಿಗೋ ಕೊಟ್ಟು ಮಿಕ್ಕ ಹನಿಯನ್ನು ನಾಯಿಗೆ ಹಾಕಲೇಬೇಡಿ. ಅದರಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇದ್ದು, ಕಣ್ಣಿನಲ್ಲಿ ಹುಣ್ಣೂ ಇದ್ದರೆ ಕಾರ್ನಿಯಾ ಕರಗಿ ತೂತು ಬೀಳಬಹುದು. ಬಿಳಿ ನಾಯಿಗಳ ಕಣ್ಣೀರಿನ ಕಲೆ ಹೋಗಲಾಡಿಸುತ್ತೇವೆ ಎನ್ನುವ ಪುಡಿಗಳಿಗೂ ನಾನು ದುಡ್ಡು ಸುರಿಯುವವನಲ್ಲ. ನೀರು ಯಾಕೆ ಸುರಿಯುತ್ತಿದೆ ಎಂದು ಆ ಪುಡಿ ಹೇಳುವುದಿಲ್ಲ.

ಈಗ ಹನಿ. ಎಲ್ಲರೂ ಮಾಡುವುದು ಒಂದೇ: ಎದುರಿಗೆ ಕೂತು ಶೀಷೆಯನ್ನು ನೇರ ಮುಖಕ್ಕೆ ಒಡ್ಡುವುದು. ಕಣ್ಣಿಗೇ ಏನೋ ನುಗ್ಗಿ ಬರುವುದನ್ನು ಕಂಡ ಯಾವ ಪ್ರಾಣಿ ಸುಮ್ಮನಿರುತ್ತದೆ? ನಾಯಿಯನ್ನು ಗೋಡೆಯ ಮೂಲೆಗೆ ಬೆನ್ನು ಮಾಡಿ ಕೂರಿಸಿ, ಹಿಂದೆ ಸರಿಯಲು ಜಾಗ ಇರಬಾರದು. ನೀವು ಅದರ ಪಕ್ಕದಲ್ಲಿ, ಅದು ನೋಡುವ ದಿಕ್ಕಿಗೇ ಮುಖ ಮಾಡಿ ಕೂರಿ. ಎಡಗೈಯಿಂದ ಗದ್ದ ಹಿಡಿದು ಮೂತಿಯನ್ನು ಮೇಲಕ್ಕೆತ್ತಿ. ಶೀಷೆ ಹಿಡಿದ ಬಲಗೈಯ ಅಂಚನ್ನು ತಲೆಯ ಮೇಲೆ ಗಟ್ಟಿಯಾಗಿ ಊರಿ. ನಾಯಿ ತಲೆ ಕೊಡವಿದರೆ ನಿಮ್ಮ ಕೈಯೂ ಜೊತೆಗೇ ಹೋಗಬೇಕು, ಆಗ ತುದಿ ಕಣ್ಣಿಗೆ ಚುಚ್ಚುವುದಿಲ್ಲ. ಅದೇ ಕೈಯಿಂದ ಮೇಲ್ರೆಪ್ಪೆಯನ್ನು ಹಿಂದಕ್ಕೆ ಎಳೆದರೆ ಬಿಳಿಭಾಗ ಕಾಣುತ್ತದೆ. ಶೀಷೆ ತಲೆಯ ಹಿಂದಿನಿಂದ, ಮೇಲಿನಿಂದ ಬರಲಿ. ಹನಿ ಆ ಬಿಳಿಯ ಮೇಲೆ ಬೀಳಲಿ, ತುದಿ ಎಲ್ಲೂ ತಾಗದಿರಲಿ. ಒಂದೇ ಹನಿ ಸಾಕು. ಕಣ್ಣು ಹಿಡಿಯುವುದೇ ಅಷ್ಟು, ಎರಡನೆಯದು ಕೆನ್ನೆಗೆ ಹರಿಯುತ್ತದೆ.

ಪಗ್, ಶಿಹ್ ತ್ಸು, ಪೆಕಿನೀಸ್‌ನಂಥ ಚಪ್ಪಟೆ ಮುಖದವನ್ನು ಕತ್ತು ಹಿಡಿದು ಅದುಮಬೇಡಿ. ಅವುಗಳ ಕಣ್ಣುಗುಡ್ಡೆ ಹೊರಗೆ ಜಾರಿಬಿಡುವುದುಂಟು. ಬೆಕ್ಕಾದರೆ ಟವೆಲ್‌ನಲ್ಲಿ ಸುತ್ತಿ, ತಲೆ ಮಾತ್ರ ಹೊರಗಿರಲಿ. ಹನಿ ಹಾಕಿದ ಕೂಡಲೇ ಅದು ಬಾಯಲ್ಲಿ ನೊರೆ ಸುರಿಸಿದರೆ ವಿಷವಾಯಿತೆಂದು ಓಡಿ ಬರಬೇಡಿ. ಕಣ್ಣೀರಿನ ನಾಳದಿಂದ ಔಷಧಿ ಬಾಯಿಗೆ ಇಳಿಯುತ್ತದೆ, ಅಟ್ರೋಪಿನ್‌ನಂಥ ಹನಿಗಳು ಬಲು ಕಹಿ.

ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಮುಲಾಮು ಯಾವಾಗಲೂ ಕೊನೆಗೆ. ಕಣ್ಣು ಕೆರೆಯದಂತೆ ಕುತ್ತಿಗೆಗೆ ಹಾಕಿದ, ಮುಖ ಸುತ್ತುವರಿಯುವ ಕೋನ್ ತೆಗೆಯಬೇಡಿ, ‘ಪಾಪ, ಊಟದ ಹೊತ್ತಿಗೆ ಮಾತ್ರ’ ಎಂದು ತೆಗೆದಾಗಲೇ ಪಂಜದಿಂದ ಕಣ್ಣು ಕೆರೆದುಕೊಳ್ಳುವುದು.

ಕಣ್ಣು ಇದ್ದಕ್ಕಿದ್ದಂತೆ ಮೋಡದಂತೆ ಮಸುಕಾದರೆ, ಗುಡ್ಡೆ ದಪ್ಪವಾದಂತೆ ಕಂಡರೆ, ರೆಪ್ಪೆ ತೆರೆಯಲೇ ಒಲ್ಲದಿದ್ದರೆ ಅದೇ ದಿನ ಬನ್ನಿ. ಒತ್ತಡ ಏರಿದ ಕಣ್ಣಿನ ದೃಷ್ಟಿ ಒಂದೆರಡು ದಿನದಲ್ಲೇ ಹೋಗಬಹುದು. ಬರುವಾಗ ಹಾಕುತ್ತಿರುವ ಶೀಷೆಗಳನ್ನೆಲ್ಲ ಜೊತೆಗೆ ತನ್ನಿ. ‘ಬಿಳಿ ಮುಚ್ಚಳದ್ದು’ ಎಂದರೆ ನಮಗೆ ಏನೂ ತಿಳಿಯುವುದಿಲ್ಲ.